ಕೈತುಂಬ ಎಲೆ ಬಂದ ದಿನ

ನಮ್ಮ ಉಪ್ಪಳ ಕಡೆ ಮದುವೆ ಮನೆಯ ರಾತ್ರಿಗಳಲ್ಲಿ ನಾನು ಕಲಿತದ್ದು ಇಪ್ಪತ್ತೆಂಟು. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ನಾಲ್ಕು ಬಣ್ಣ ಸೇರಿ 28. ತುರುಪನ್ನು ಕವುಚಿ ಇಡಬೇಕು, ಒಳ್ಳೆಯ ಎಲೆ ಬಂದರೂ ಮುಖದಲ್ಲಿ ಕಾಣಿಸಬಾರದು. (ದುಡ್ಡಿಟ್ಟು ಆಡಿದ್ದಲ್ಲ, ಹಿರಿಯರು ಸಿಟ್ಟಾಗಬೇಡಿ.)

ಡಿಪ್ಲೊಮಾ ಮುಗಿಸಿ ಗಲ್ಫಿಗೆ ಹೋದಾಗ ಕ್ಯಾಂಪಿನಲ್ಲಿ ಕೋಲ್ಕತ್ತಾದ ಫೋರ್‌ಮನ್ ಒಬ್ಬರು ಬ್ರಿಡ್ಜ್ ಕಲಿಸಿದರು. ಎಲ್ಲರಿಗೂ ಅವರು ದಾದಾ. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನ ಬ್ರಿಡ್ಜ್‌ನಲ್ಲಿ ಪ್ರಣಬ್ ಬರ್ಧನ್, ಶಿಬನಾಥ್ ಸರ್ಕಾರ್ ಜೋಡಿ ಚಿನ್ನ ಗೆದ್ದಾಗ ಇಡೀ ಕ್ಯಾಂಪಿಗೆ ಸಿಹಿ ಹಂಚಿದ್ದರು.

ಒಂದು ಶುಕ್ರವಾರ ನನಗೆ 23 ಪಾಯಿಂಟಿನ ಕೈ ಬಂತು. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂಬ ಲೆಕ್ಕದಲ್ಲಿ ಇಡೀ ಕಟ್ಟಿನಲ್ಲಿರುವುದೇ 40. ಎಕ್ಕ, ರಾಜ, ರಾಣಿ ಸಮೇತ ಆರು ಸ್ಪೇಡ್. ಹಾರ್ಟ್, ಡೈಮಂಡ್ ಎರಡರಲ್ಲೂ ಎಕ್ಕ, ರಾಜ. ಹಳೇ ಚಾಳಿ, ಅಡಗಿಸಿಟ್ಟೆ. ಮೆಲ್ಲಗೆ 'ಒನ್ ಸ್ಪೇಡ್' ಎಂದೆ. ಎದುರಿಗಿದ್ದ ದಾದಾ ಪಾಸ್. ಆಟ ಅಲ್ಲಿಗೇ ನಿಂತಿತು. 11 ಟ್ರಿಕ್ ಬಂದರೂ ಸಿಕ್ಕಿದ್ದು 200. ಫೋರ್ ಸ್ಪೇಡಿಗೆ ಹೋಗಿದ್ದರೆ 450.

ಎಲ್ಲರೆದುರು ದಾದಾರ ಮೇಲೆ ರೇಗಿದೆ. ಅವರು ತಮ್ಮ ಎಲೆ ಬಿಡಿಸಿಟ್ಟರು: ಒಂದು ರಾಣಿ ಬಿಟ್ಟರೆ ಏನೂ ಇಲ್ಲ. "ನನ್ನ ಎರಡು ಪಾಯಿಂಟಿಗೆ ಪಾಸೇ ಸರಿ. ನಿನ್ನ ಹತ್ತಿರ ಇಷ್ಟಿದೆ ಅಂತ ನೀನು ಹೇಳಿದೆಯಾ?"

22 ದಾಟಿದ ಕೈಗೆ 'ಟೂ ಕ್ಲಬ್' ಎನ್ನಬೇಕು. ಕ್ಲಬ್ ಎಲೆ ಇರಲಿ ಬಿಡಲಿ. ಅದರ ಅರ್ಥ 'ನನ್ನ ಕೈ ದೊಡ್ಡದು, ನೀನು ಪಾಸ್ ಹೇಳಬೇಡ' ಎಂದಷ್ಟೇ. ಎಲೆಯಿಲ್ಲದ ಜೊತೆಗಾರ 'ಟೂ ಡೈಮಂಡ್' ಎಂದು ಕಾಯುತ್ತಾನೆ. ಆಮೇಲೆ ನಮ್ಮ ನಿಜವಾದ ಬಣ್ಣ ಹೇಳುವುದು. ನೇರವಾಗಿ 'ಫೋರ್ ಸ್ಪೇಡ್' ಎಂದು ಕೂಗಿದರೂ ತಪ್ಪೇ. ಸ್ಪೇಡ್ ಉದ್ದ ಇದೆ, ಉಳಿದ ಕೈ ಬಡವ ಎಂದು ಅದರ ಅರ್ಥ. ಮಾತಾಡಲು ಜಾಗವೂ ಉಳಿಯುವುದಿಲ್ಲ. ದೊಡ್ಡ ಕೈಯವನೇ ನಿಧಾನವಾಗಿ ಮೆಟ್ಟಿಲು ಹತ್ತಬೇಕು ಎಂಬುದು ನನಗೆ ತಲೆಗೆ ಹೋಗಲು ತಿಂಗಳುಗಳೇ ಹಿಡಿದವು.

ಅದೇ ವರ್ಷ ಉಪ್ಪ ಫೋನಿನಲ್ಲಿ, "ಅಂಗಡಿ ಮುಂದೆ ಏನು ಮಾಡುವುದು ಮೋನೇ?" ಎಂದು ಕೇಳಿದ್ದರು. ಊರಿಗೆ ಬಂದು ಅಲ್ಲೇ ಪಂಪ್‌ಸೆಟ್ ಸಾಮಾನು ಇಡಬೇಕೆಂದು ನಾನು ದುಡ್ಡು ಕೂಡಿಟ್ಟಿದ್ದೆ. ರಜೆಯಲ್ಲಿ ಎದುರಿಗೇ ಹೇಳೋಣ ಎಂದುಕೊಂಡು, "ನಿಮಗೆ ಸರಿ ಕಂಡದ್ದು ಮಾಡಿ ಉಪ್ಪ" ಎಂದೆ. ಮಗನಿಗೆ ಮನಸ್ಸಿಲ್ಲ ಎಂದು ತಿಳಿದು ಅವರು ಬಾಡಿಗೆ ಕೋಣೆ ಬಿಟ್ಟುಕೊಟ್ಟರು.

ಮರದ ಗಲ್ಲಾಪೆಟ್ಟಿಗೆ ಮಾತ್ರ ಮನೆಗೆ ಬಂದಿದೆ. ನನ್ನ ಎಲೆಕಟ್ಟು ಇರುವುದು ಅದರಲ್ಲೇ. ಕಳೆದ ತಿಂಗಳಿಂದ ಉಪ್ಪನಿಗೆ ಬ್ರಿಡ್ಜ್ ಕಲಿಸುತ್ತಿದ್ದೇನೆ. 'ಟೂ ಕ್ಲಬ್' ಎಂದರೆ ಅವರು ಇನ್ನೂ ನನ್ನ ಹತ್ತಿರ ಕ್ಲಬ್ ಇದೆ ಎಂದೇ ನಂಬುತ್ತಾರೆ.