ಮುಯ್ಯಿ ಪುಸ್ತಕ ಕೆನಡಾಕ್ಕೆ ಹೋದದ್ದು

ಪೆರೇಸಂದ್ರ ಕ್ರಾಸಿನಲ್ಲಿ ನಾನು ಟೈಪಿಂಗ್ ಅಂಗಡಿ ಇಟ್ಟಾಗ ಬರುತ್ತಿದ್ದ ಕೆಲಸವೆಂದರೆ ಕ್ರಯಪತ್ರ, ಖಾತೆ ಬದಲಾವಣೆ, ಬೋರ್‌ವೆಲ್ ಸಾಲದ ಅರ್ಜಿ. ಹೊರದೇಶದ ಮಾತು ಎತ್ತಿದರೆ ಅದು ಕುವೈತ್ ಒಂದೇ. ಬಾಗೇಪಲ್ಲಿ ದಾಟಿದರೆ ಆಂಧ್ರ. ರಾಯಚೋಟಿ, ಕಡಪ ಕಡೆಯ ನೆಂಟರ ಬಾಯಲ್ಲಿ ಏಜೆಂಟರ ಹೆಸರು ಇಲ್ಲಿಗೂ ಬರುತ್ತಿತ್ತು. 1983ರ ವಲಸೆ ಕಾಯ್ದೆಯ ಪ್ರಕಾರ ಜನರನ್ನು ಹೊರದೇಶದ ಕೆಲಸಕ್ಕೆ ಕಳಿಸುವವನು ಕೇಂದ್ರ ಸರ್ಕಾರದಲ್ಲಿ ನೋಂದಣಿ ಮಾಡಿಸಿರಲೇಬೇಕು. ಆ ನೋಂದಣಿ ಸಂಖ್ಯೆ ಕೇಳಿದ ಒಬ್ಬರನ್ನೂ ನಾನು ಕಾಣಲಿಲ್ಲ, ನಾನೂ ಕೇಳಲಿಲ್ಲ. ‘ನಮ್ಮ ಭಾವನಿಗೆ ಗೊತ್ತಿರೋನು’ ಅಂದರೆ ಮುಗಿಯಿತು.

ಹಾಗೆ ಹೋದವರು ಹೆಂಡತಿಯನ್ನು ಕರೆಸಿಕೊಳ್ಳುವ ಮಾತೇ ಇರಲಿಲ್ಲ. ಅವರಿಗೇ ಕಫೀಲ ಒಬ್ಬ ಸ್ಪಾನ್ಸರ್. ಅವರು ಇನ್ನೊಬ್ಬರಿಗೆ ಸ್ಪಾನ್ಸರ್ ಆಗುವುದೆಲ್ಲಿಂದ ಬಂತು? ಹೆಂಗಸರು ಮಗುವನ್ನು ಎತ್ತಿಕೊಂಡು ನನ್ನ ಎಸ್‌ಟಿಡಿ ಬೂತಿನ ಬೆಂಚಿನ ಮೇಲೆ ಫೋನಿಗಾಗಿ ಕಾಯುತ್ತಿದ್ದರು. ಕೆಲವು ದಿನ ಫೋನು ಬರುತ್ತಲೇ ಇರಲಿಲ್ಲ.

2008ರ ಮೇ ತಿಂಗಳಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾಯಿತು. ಹೆದ್ದಾರಿ ಪಕ್ಕದ ಭೂಮಿಗೆ ಬೆಲೆ ಬಂತು, ಹುಡುಗರು ಇಂಜಿನಿಯರಿಂಗ್ ಓದಿ ಅಮೆರಿಕ, ಆಸ್ಟ್ರೇಲಿಯ, ಕೆನಡಾ ಎಂದು ಹೊರಟರು. ಮದುವೆಯಾದ ಹುಡುಗಿಯರ ಕಾಗದಗಳು ನನ್ನ ಮೇಜಿಗೆ ಬಂದವು. ಮೊದಲ ತೊಡಕು ಹೆಸರಿನದು. ನಮ್ಮ ಕಡೆ ಊರಿನ ಅಕ್ಷರ, ಅಪ್ಪನ ಅಕ್ಷರ, ಆಮೇಲೆ ಹೆಸರು. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ. ಅಂಥವರ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅರ್ಥ. ‘ನನ್ನ ಹೆಸರೇ ಹೋಯ್ತಲ್ಲ ಅಣ್ಣ’ ಎಂದು ಒಬ್ಬಳು ಅತ್ತಿದ್ದು ಇನ್ನೂ ಕಿವಿಯಲ್ಲಿದೆ.

ಮಂಡಿಕಲ್ಲು ಕಡೆಯ ರೇಷ್ಮೆ ಬೆಳೆಗಾರರ ಮನೆಯ ಮಗಳ ವಿಷಯ ಮಾತ್ರ ನಾನು ಬಿಡಿಸಿ ಹೇಳಬೇಕು, ಅದರಲ್ಲಿ ನನ್ನ ತಪ್ಪೂ ಇದೆ. 2015ರ ಸುಮಾರು. ಅಳಿಯನಿಗೆ ಕೆನಡಾದಲ್ಲಿ ಕಾಯಂ ವಾಸದ ಹಕ್ಕು ಸಿಕ್ಕಿತ್ತು, ಹೆಂಡತಿಗೆ ಅವನೇ ಸ್ಪಾನ್ಸರ್. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡು ಮಾರಿದ ದುಡ್ಡನ್ನು ಅಪ್ಪ ಬೆಂಗಳೂರಿನ ಒಬ್ಬ ಕನ್ಸಲ್ಟೆಂಟನ ಕೈಗೆ ಕೊಟ್ಟ. ಅವನು ಖಾಲಿ ಫಾರಂಗಳಿಗೆ ಸಹಿ ಹಾಕಿಸಿಕೊಂಡ. ದುಡ್ಡು ಪಡೆದು ನೆರವಾದವರು ಯಾರೂ ಇಲ್ಲವೆಂದು ತುಂಬಿದ, ಇ-ಮೇಲ್ ಮಾತ್ರ ತನ್ನದೇ ಕೊಟ್ಟ. ಇಪ್ಪತ್ತೇ ದಿನದಲ್ಲಿ ಗೊತ್ತಾದ ಮದುವೆ ಎಂದರೆ ಬಿಳಿಯರು ನಂಬುವುದಿಲ್ಲ, ಎರಡು ವರ್ಷದ ಪರಿಚಯ ಎಂದು ಅಫಿಡವಿಟ್ ಮಾಡಿಸಿ ಅಂದ. ಆ ಅಫಿಡವಿಟ್ ಟೈಪ್ ಮಾಡಿದ್ದು ನಾನು. ಸುಳ್ಳೆಂದು ಗೊತ್ತಿದ್ದೂ ಮಾಡಿದೆ.

ಹೆಚ್ಚಿನ ದಾಖಲೆ ಕೇಳಿ ಅಲ್ಲಿಂದ ಬಂದ ಕಾಗದ ಅವನ ಇ-ಮೇಲ್‌ನಲ್ಲೇ ಉಳಿಯಿತು. ಅರ್ಜಿ ತಿರಸ್ಕೃತವಾಯಿತು. ಅವನ ಆಫೀಸಿಗೆ ಬೀಗ. ಆ ಹುಡುಗಿ ತವರಿನಲ್ಲೇ ಉಳಿದಳು. ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋದರೆ ಊರವರು ‘ಯಾವಾಗಮ್ಮ ಹೋಗೋದು?’ ಅನ್ನುತ್ತಾರೆಂದು ಹೊಲಕ್ಕೆ ಹೋಗುವುದನ್ನೇ ಬಿಟ್ಟಳು.

ಎರಡನೇ ಸಲ ಅರ್ಜಿ ಹಾಕುವಾಗ ಅವಳ ತಮ್ಮ ನನ್ನ ಅಂಗಡಿಯ ಕಂಪ್ಯೂಟರಿನಲ್ಲೇ ಸರಿಯಾದ ಕನ್ಸಲ್ಟೆಂಟರನ್ನು ಹುಡುಕಿದ. ದುಡ್ಡು ಪಡೆದು ವಲಸೆಯ ಸಲಹೆ ಕೊಡುವವರು ವಕೀಲರೋ, ಕ್ವಿಬೆಕ್‌ನ ನೋಟರಿಯೋ, ಪರವಾನಗಿ ಪಡೆದ ಕನ್ಸಲ್ಟೆಂಟೋ ಆಗಿರಬೇಕೆಂದು ಕೆನಡಾ 2011ರಲ್ಲಿ ಕಾನೂನು ಬಿಗಿ ಮಾಡಿದೆ. ಕನ್ಸಲ್ಟೆಂಟರ ಪಟ್ಟಿಯನ್ನು ಆಗ ಐಸಿಸಿಆರ್‌ಸಿ ಎಂಬ ಮಂಡಳಿ ಇಡುತ್ತಿತ್ತು. 2021ರ ನವೆಂಬರಿನಿಂದ ಆ ಕೆಲಸ ಒಂದು ‘ಕಾಲೇಜಿ’ನದು, ಪಾಠ ಹೇಳುವ ಕಾಲೇಜಲ್ಲ, ಶಿಸ್ತು ಕ್ರಮ ಕೈಗೊಳ್ಳುವ ಸಂಸ್ಥೆ. ಆರ್ ಅಕ್ಷರದಿಂದ ಶುರುವಾಗುವ ನಂಬರು ಹಾಕಿ ನೋಡಿದರೆ ಪರವಾನಗಿ ಇದೆಯೋ ಇಲ್ಲವೋ ಯಾರಿಗಾದರೂ ಕಾಣುತ್ತದೆ. ಇಷ್ಟು ಸುಲಭದ ಕೆಲಸ ಮೊದಲ ಸಲ ನಮಗೆ ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಹಾಗೆ ನಂಬರು ನೋಡಿ ಹಿಡಿದ ಕನ್ಸಲ್ಟೆಂಟ್ ಒಬ್ಬ ಹೆಂಗಸು. ಅವರು ಫೋನಿನಲ್ಲಿ ಹುಡುಗಿಯ ಜೊತೆ ಎರಡು ಗಂಟೆ ಮಾತಾಡಿದರು. ಹುಡುಗ ನೋಡಲು ಬಂದಾಗ ಯಾರ್‍ಯಾರು ಬಂದಿದ್ದರು, ಧಾರೆಗೆ ಮುಂಚೆ ಇಬ್ಬರೂ ಎಷ್ಟು ಸಲ ಮಾತಾಡಿದಿರಿ, ಎಲ್ಲ ಕೇಳಿದರು. ಇಪ್ಪತ್ತು ದಿನ ಎಂದರೆ ಇಪ್ಪತ್ತು ದಿನ ಎಂದೇ ಬರೆಯಿರಿ ಅಂದರು. ಸುಳ್ಳು ಹೇಳಿಕೆ ಕೊಟ್ಟವರಿಗೆ ಅಲ್ಲಿ ಐದು ವರ್ಷ ಬಾಗಿಲು ಮುಚ್ಚಬಹುದು. ಹಿಂದಿನ ಅಫಿಡವಿಟ್ ಹೇಗೆ ಹುಟ್ಟಿತೆಂಬುದನ್ನೂ ಮುಚ್ಚಿಡದೆ ಬರೆಸಿದರು. ಟೈಪ್ ಮಾಡಿದವನು ನಾನೇ ಎಂದು ನಾನೂ ಒಂದು ಕಾಗದ ಬರೆದು ಸಹಿ ಹಾಕಿದೆ.

ಮದುವೆಗೆ ಸಾಕ್ಷಿ ಬೇಕೆಂದಾಗ ಹುಡುಗಿಯ ತಾಯಿ ಸೆರಗಿನಲ್ಲಿ ಸುತ್ತಿಕೊಂಡು ತಂದದ್ದು ಮುಯ್ಯಿ ಪುಸ್ತಕ, ಮದುವೆಗೆ ಬಂದವರು ಯಾರು ಏನು ಕೊಟ್ಟರೆಂದು ಬರೆದಿಟ್ಟ ಲೆಕ್ಕ. ತೆಲುಗು ಮನೆಮಾತಿನವರು ಚದಿವಿಂಪು ಅನ್ನುತ್ತಾರೆ. ಇನ್ನೂರು ಪುಟದ ನೋಟ್‌ಬುಕ್ಕು, ಮೊದಲ ಪುಟಕ್ಕೆ ಅರಿಶಿನ. ಇಂಥ ಊರಿನ ಇಂಥವರು ನೂರಾ ಒಂದು, ಇಂಥವರು ಸ್ಟೀಲ್ ಕೊಡಪಾನ, ಸೋದರಮಾವ ಅರ್ಧ ತೊಲ. ಮನೆಯವರು ಅನುವಾದ ಮಾಡುವಂತಿಲ್ಲ. ನಾನು ನೆಂಟನಲ್ಲ, ಕೆಲಸ ನನ್ನ ಪಾಲಿಗೆ ಬಂತು. ‘ಮುಯ್ಯಿ’ಗೆ ಇಂಗ್ಲಿಷಿನಲ್ಲಿ ಒಂದು ಮಾತು ಸಿಗದೆ ಕಾಲು ಪುಟ ವಿವರಣೆ ಬರೆದೆ. ಹತ್ತು ಪುಟ ಅನುವಾದಿಸಿ ನೋಟರಿ ಮುಂದೆ ಪ್ರಮಾಣ ಮಾಡಿದೆ.

ವೀಸಾ ಬಂತು. ಪರವಾನಗಿಯೇ ವೀಸಾ ತಂದಿತೆಂದು ನಾನು ಹೇಳಲಾರೆ. ಫಾರಂಗಳು ಪುಕ್ಕಟೆ, ತಾವೇ ತುಂಬಿ ಕಳಿಸಿದವರನ್ನೂ ಕೆನಡಾ ಸರ್ಕಾರ ಒಂದೇ ರೀತಿ ನೋಡುತ್ತದೆ. ಗೋಜಲಿಲ್ಲದ ಮದುವೆಯಾದರೆ ನೀವೇ ತುಂಬಿ ಎಂದೇ ನಾನು ಈಗ ಹೇಳುವುದು. ದುಡ್ಡು ಕೊಟ್ಟೇ ಮಾಡಿಸುವುದಾದರೆ ನಂಬರು ಕೇಳಿ, ಎಲ್ಲ ಕಾಗದದ ನಕಲು ಮನೆಯಲ್ಲಿಡಿ, ಖಾಲಿ ಹಾಳೆಗೆ ಸಹಿ ಹಾಕಬೇಡಿ. ಬ್ರಿಟನ್ನಿನಲ್ಲಿರುವ ಹುಡುಗರಿಗೆ ಇದೂ ಸಾಲದು. ಹೆಂಡತಿಯನ್ನು ಕರೆಸಿಕೊಳ್ಳಲು ಬೇಕಾದ ವರ್ಷದ ಸಂಪಾದನೆ 2024ರ ಏಪ್ರಿಲ್‌ನಲ್ಲಿ 18,600 ಪೌಂಡಿನಿಂದ 29,000ಕ್ಕೆ ಏರಿತು. ಹೊಸದಾಗಿ ಮದುವೆಯಾದವರನ್ನು ಹೀಗೆ ಸಂಬಳ ತೂಗಿ ಅಗಲಿಸಿಡುವುದು ನನಗೆ ಅನ್ಯಾಯವೆಂದೇ ಕಾಣುತ್ತದೆ.

ಹುಡುಗಿ ವಿಮಾನ ಹತ್ತಿದ ಮೂರನೇ ದಿನ ತಾಯಿ ಅಂಗಡಿಗೆ ಬಂದರು. ಕಣ್ಣು ಕೆಂಪಗಿತ್ತು. ಕೂರಿ ಅಮ್ಮ ಅಂದರೂ ಕೂರಲಿಲ್ಲ.

‘ಆ ಪುಸ್ತಕ ಕೊಡಣ್ಣ. ಭಾನುವಾರ ಗುಡಿಬಂಡೇಲಿ ಮದುವೆ ಐತೆ, ಅವರು ನಮಗೆ ಎಷ್ಟು ಮುಯ್ಯಿ ಹಾಕಿದ್ರೋ ನೋಡಬೇಕು.’