ಮೆಣಸಿನ ಬಳ್ಳಿಯಿಂದ ಕಡಲಿನ ತೀರಕ್ಕೆ

ಫ್ರಾನ್ಸ್ ದೇಶದ ಬೋರ್ಡೋ ಸೀಮೆಯ ದ್ರಾಕ್ಷಿತೋಟಗಳನ್ನು ನೋಡುತ್ತ ಹೊರಟು, ಗಡಿಯನ್ನು ದಾಟಿ, ಸ್ಪೇನಿನ ಕಡಲ ತೀರವನ್ನು ಸೇರುವ ಮೋಟಾರು ಪ್ರಯಾಣವನ್ನು ಪಾಶ್ಚಾತ್ಯರು ಬಹು ಸುಖವೆಂದು ಬಗೆಯುತ್ತಾರೆ. ಅಂಥ ಸುಖಕ್ಕಾಗಿ ಮೈಸೂರಿನ ಗೃಹಸ್ಥರು ವಿಮಾನವನ್ನೇರಬೇಕಾಗಿಲ್ಲ. ನಮ್ಮ ಊರಿನಿಂದ ಪಡುವಣ ದಿಕ್ಕಿಗೆ ಹೊರಟರೆ ದ್ರಾಕ್ಷಿಗೆ ಬದಲಾಗಿ ಕರಿಮೆಣಸಿನ ಬಳ್ಳಿಗಳುಂಟು; ನಡುವೆ ರಾಜ್ಯದ ಗಡಿಯೊಂದುಂಟು; ತುದಿಯಲ್ಲಿ ಅರಬ್ಬೀ ಸಮುದ್ರವುಂಟು. ಒಂದು ಕಾಲದಲ್ಲಿ ದೂರದೇಶದ ಹಡಗುಗಳು ಆ ಕಡಲಿಗೆ ಬಂದದ್ದಾದರೂ ಈ ಬಳ್ಳಿಯ ಕಾಳಿಗಾಗಿಯೇ ಅಲ್ಲವೆ?

ಇಂಥ ಪ್ರಯಾಣವನ್ನು ನಾವು ಯೋಚಿಸಿದ್ದು ಕೇವಲ ವಿನೋದಕ್ಕಾಗಿ ಅಲ್ಲ. ನಮ್ಮ ಮನೆಯ ಹಿರಿಯರಾದ ದೊಡ್ಡಮ್ಮನವರಿಗೆ ಈಗ ಎಂಬತ್ತನಾಲ್ಕು ವರ್ಷ. ಅವರ ತವರು ಕಾಸರಗೋಡು ಸೀಮೆಯ ಅಡೂರು. ಪಯಸ್ವಿನಿಯ ದಡದ ಆ ಊರನ್ನು ಇನ್ನೊಮ್ಮೆ ನೋಡಬೇಕೆಂಬುದು ಅವರ ಆಸೆ. ಮಕ್ಕಳಿಗೋ ಸಮುದ್ರವೊಂದಿದ್ದರೆ ಸಾಕು. ಇಬ್ಬರ ಇಷ್ಟವೂ ಒಂದೇ ದಾರಿಯಲ್ಲಿ ಸಲ್ಲುವಂತಿದ್ದರೂ, ಆ ವಯಸ್ಸಿನ ದೇಹವು ಘಟ್ಟದ ತಿರುವುಗಳನ್ನು ತಾಳೀತೇ ಎಂಬ ಚಿಂತೆ ಮಾತ್ರ ನಮ್ಮನ್ನು ಬಿಡಲಿಲ್ಲ.

ಮೊದಲು ದಾರಿಯ ವಿಚಾರ. ಗುಂಡ್ಲುಪೇಟೆ, ವಯನಾಡುಗಳ ಮೂಲಕ ಕೋಳಿಕ್ಕೋಡಿನ ಕಡಲಿಗೆ ಇಳಿಯುವುದೊಂದು ಮಾರ್ಗ. ಅದು ಬಂಡೀಪುರದ ಕಾಡನ್ನು ಹಾದುಹೋಗುವುದರಿಂದ, ವನ್ಯಮೃಗಗಳ ಹಿತಕ್ಕಾಗಿ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವನ್ನು 2009ರಲ್ಲಿ ನಿಷೇಧಿಸಲಾಯಿತು. ನಮ್ಮ ಉದ್ದೇಶಕ್ಕೆ ಒದಗುವುದು ಎರಡನೆಯ ಮಾರ್ಗ: ಹುಣಸೂರು, ಕುಶಾಲನಗರ, ಮಡಿಕೇರಿ, ಸಂಪಾಜೆ, ಸುಳ್ಯ, ಜಾಲ್ಸೂರು, ಅಲ್ಲಿಂದ ಮುಳ್ಳೇರಿಯ, ಚೆರ್ಕಳಗಳ ಮೇಲೆ ಕಾಸರಗೋಡು, ಕೊನೆಗೆ ಬೇಕಲ. ಒಟ್ಟು ಸುಮಾರು 240 ಕಿಲೋಮೀಟರು. ಕೈಫೋನಿನ ನಕ್ಷೆಯು ಇದನ್ನು ಒಂದೇ ಹಗಲಿನ ಕೆಲಸವೆಂದು ಹೇಳುತ್ತದೆ. ನಕ್ಷೆಗೆ ಮೊಣಕಾಲು ನೋವಿಲ್ಲ. ಆದಕಾರಣ ಮಡಿಕೇರಿಯಲ್ಲಿ ಒಂದು ರಾತ್ರಿ ತಂಗತಕ್ಕದ್ದೆಂದು ನಿಶ್ಚಯಿಸಿದೆವು.

ಎರಡನೆಯದು ಕಾಲದ ವಿಚಾರ. ಮಳೆಗಾಲದಲ್ಲಿ ಈ ಘಟ್ಟದ ಗೊಡವೆಗೆ ಹೋಗಕೂಡದು. 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡಗಳು ಕುಸಿದು ಮನೆ, ತೋಟ, ಪ್ರಾಣಗಳೆಲ್ಲ ನಷ್ಟವಾಗಿ, ಮಡಿಕೇರಿ–ಸಂಪಾಜೆ ರಸ್ತೆಯೇ ಕಡಿದುಹೋದುದನ್ನು ಯಾರೂ ಮರೆತಿರಲಾರರು. ಸಂಕ್ರಾಂತಿಯ ಆಚೀಚಿನ ದಿನಗಳು ಉತ್ತಮ. ಆಗ ತೋಟಗಳಲ್ಲಿ ಕಾಫಿಯ ಹಣ್ಣನ್ನು ಕುಯ್ಯುತ್ತಿರುತ್ತಾರೆ. ನೆರಳಿನ ಮರಗಳನ್ನು ತಬ್ಬಿ ಏರಿದ ಬಳ್ಳಿಗಳಲ್ಲಿ ಮೆಣಸಿನ ಗೊನೆಗಳು ಬಲಿತು ಜೋತಾಡುತ್ತಿರುತ್ತವೆ. ಮನೆಯ ಒಗ್ಗರಣೆಯ ಡಬ್ಬಿಯಲ್ಲಿ ಮಾತ್ರ ಮೆಣಸನ್ನು ಕಂಡ ಮಕ್ಕಳಿಗೆ ಅದು ಹಸುರಾಗಿರುವುದನ್ನು ತೋರಿಸುವುದೇ ಒಂದು ಪಾಠ.

ಮೊದಲ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಕುಶಾಲನಗರವನ್ನು ಸೇರಬಹುದು. ಅದಕ್ಕೆ ಮುನ್ನ ಬೈಲಕುಪ್ಪೆಯಲ್ಲಿ, 1961ರಲ್ಲಿ ನೆಲೆಗೊಂಡ ಟಿಬೆಟ್ಟಿನ ಜನರ ವಸತಿಯನ್ನೂ ಅಲ್ಲಿಯ ಬೌದ್ಧ ವಿಹಾರವನ್ನೂ ನೋಡತಕ್ಕದ್ದು. ಮುಂದೆ ಕಾವೇರಿಯನ್ನು ದಾಟಿದೊಡನೆ ಕೊಡಗು. ಅಲ್ಲಿಂದ ಏರುದಾರಿ.

ಎರಡನೆಯ ದಿನದ ದಾರಿಯು ಸ್ವಾರಸ್ಯವಾದುದು. ಮಡಿಕೇರಿಯ ಬೆಟ್ಟಸಾಲಿನ ಮೂಡಣ ಮಗ್ಗುಲಲ್ಲಿ ಬಿದ್ದ ಮಳೆಯು ಕಾವೇರಿಯನ್ನು ಸೇರಿ ಬಂಗಾಳ ಕೊಲ್ಲಿಯತ್ತ ಸಾಗುತ್ತದೆ; ಸಂಪಾಜೆಯ ಕಡೆ ಬಿದ್ದುದು ಪಯಸ್ವಿನಿಯಾಗಿ ಪಡುಗಡಲಿಗೆ ಇಳಿಯುತ್ತದೆ. ಮೈಸೂರಿನ ಮನೆಗಳಲ್ಲಿ ನಾವು ಕುಡಿಯುವ ನೀರೂ ದೊಡ್ಡಮ್ಮನವರು ಬಾಲ್ಯದಲ್ಲಿ ಈಜಿದ ಹೊಳೆಯೂ ಒಂದೇ ಬೆಟ್ಟದ ಎರಡು ಮಗ್ಗುಲುಗಳ ಸಂತಾನವೆಂದಾಯಿತು. ಘಟ್ಟವಿಳಿದ ಮೇಲೆ ಸುಳ್ಯದವರೆಗೆ ಹೊಳೆಯು ರಸ್ತೆಗೆ ಜೊತೆಗೊಡುತ್ತದೆ. ಕಾಸರಗೋಡಿನ ಬಳಿ ಸಮುದ್ರವನ್ನು ಕೂಡುವಾಗ ಅದರ ಹೆಸರು ಚಂದ್ರಗಿರಿ.

ಗಡಿಯ ವಿಷಯದಲ್ಲಿ ದೊಡ್ಡಮ್ಮನವರು ಹೇಳಿದ ಮಾತು ನಮ್ಮನ್ನು ಯೋಚನೆಗೆ ಹಚ್ಚಿತು. ಅವರು ಚಿಕ್ಕವರಾಗಿದ್ದಾಗ ತಂದೆಯೊಡನೆ ಮೈಸೂರಿನ ದಸರೆಯನ್ನು ನೋಡಲು ಬಂದಿದ್ದರಂತೆ. ಆಗ ಅಡೂರು ಮದರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಕೊಡಗು ಬೇರೊಂದು ರಾಜ್ಯ, ಮೈಸೂರು ಮತ್ತೊಂದು. ಮೂರು ಸರ್ಕಾರಗಳ ನೆಲವನ್ನು ತುಳಿದು, ಎರಡು ಗಡಿಗಳನ್ನು ದಾಟಿ ಬರಬೇಕಾಗಿತ್ತು. 1956ರ ನವೆಂಬರ್ 1ರಂದು ಆ ಎರಡು ಗಡಿಗಳೂ ಅಳಿದುವು. ಆದರೆ ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿ, ಜಾಲ್ಸೂರಿಗೂ ಅವರ ತವರಿಗೂ ನಡುವೆ ಹೊಸದೊಂದು ಗಡಿ ಹುಟ್ಟಿತು. ಚಂದ್ರಗಿರಿಯ ಉತ್ತರಭಾಗವನ್ನು ಮೈಸೂರಿಗೆ ಸೇರಿಸಬೇಕೆಂದು 1967ರಲ್ಲಿ ಮಹಾಜನ್ ಆಯೋಗವು ಶಿಫಾರಸು ಮಾಡಿದರೂ ಅದು ಕಾರ್ಯಗತವಾಗಲಿಲ್ಲ. ಸಾಮಾನ್ಯ ದಿನಗಳಲ್ಲಿ ಈ ಗಡಿ ಕಣ್ಣಿಗೆ ಬೀಳುವುದು ಫಲಕಗಳ ಲಿಪಿಯಲ್ಲಿ ಮಾತ್ರ. ಆದರೂ ಅದನ್ನು ಬರಿಯ ಗೆರೆಯೆನ್ನಲಾಗದು: 2020ರಲ್ಲಿ ಸಾಂಕ್ರಾಮಿಕದ ಭಯದಿಂದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಬಹಳ ಬವಣೆಪಟ್ಟರು. ಹೋಗಬಲ್ಲಾಗ ಹೋಗಿಬರಬೇಕೆಂಬ ಬುದ್ಧಿ ನಮಗೆ ಬಂದದ್ದು ಅಂದಿನಿಂದಲೇ.

ಪ್ರಯಾಣದ ಕೊನೆಯ ನಿಲ್ದಾಣ ಬೇಕಲದ ಕೋಟೆ. 1650ರ ಸುಮಾರಿಗೆ ಕೆಳದಿಯ ಶಿವಪ್ಪನಾಯಕನು ಕಟ್ಟಿಸಿದ ಈ ಕೋಟೆಯು ಮುಂದೆ ಹೈದರಾಲಿ, ಟಿಪ್ಪುಗಳ ಕಾಲದಲ್ಲಿ ಮೈಸೂರಿನ ವಶದಲ್ಲಿದ್ದು, 1799ರ ಬಳಿಕ ಕಂಪೆನಿಗೆ ಸೇರಿತು. ಅದರ ಬುರುಜಿನ ಮೇಲೆ ನಿಂತ ಮೈಸೂರಿನ ಮಗುವಿಗೆ ತಾನು ಪರದೇಶಕ್ಕೆ ಬಂದೆನೆಂದು ಅನ್ನಿಸಲಾರದು. ಮಕ್ಕಳು ಅಲೆಗಳಲ್ಲಿ ಆಡುತ್ತಿರಲಿ. ಹಿರಿಯರು ಕೆಳಗೆ ಮರಳಿನಲ್ಲಿಯೇ ಕುಳಿತು ಸಂಜೆಯನ್ನು ನೋಡಬಹುದು.

ಹೊರಡುವವರಿಗೆ ಎರಡು ಸೂಚನೆಗಳು. ಬಾಡಿಗೆಯ ಮೋಟಾರಾದರೆ ಕೇರಳದ ಪರವಾನೆ, ತೆರಿಗೆಗಳನ್ನು ಮಾಲೀಕನೊಡನೆ ಮೊದಲೇ ಇತ್ಯರ್ಥಪಡಿಸಿಕೊಳ್ಳತಕ್ಕದ್ದು. ಘಟ್ಟವಿಳಿಯುವ ಬೆಳಿಗ್ಗೆ ಹೊಟ್ಟೆ ತುಂಬ ತಿನ್ನದೆ, ಎರಡು ಇಡ್ಲಿಯಲ್ಲಿ ಮುಗಿಸುವುದು ಲೇಸು; ನಿಂಬೆಹಣ್ಣು ಕೈಯಲ್ಲಿರಲಿ.

ನಾವು ಇಷ್ಟೆಲ್ಲವನ್ನೂ ಬರೆದು ದೊಡ್ಡಮ್ಮನವರಿಗೆ ಓದಿಹೇಳಿದೆವು. ತವರಿನ ಹಳೆಯ ಮನೆ ಈಗಿಲ್ಲವೆಂಬುದನ್ನೂ, ಅಲ್ಲಿ ಗುರುತಿನವರು ಸಿಕ್ಕದೆ ಹೋಗಬಹುದೆಂಬುದನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೊಳೆ ಇದ್ದಲ್ಲಿಯೇ ಇದೆಯಷ್ಟೆ?” ಎಂದು ಕೇಳಿದರು. ಇದೆ ಎಂದೆವು. “ಹಾಗಾದರೆ ದಿನ ಗೊತ್ತುಮಾಡಿ” ಎಂದು ಹೇಳಿ, ಪೆಟ್ಟಿಗೆಯನ್ನು ಇಳಿಸಿಕೊಡುವಂತೆ ಮಕ್ಕಳನ್ನು ಕರೆದರು.