ಬೇಕಾದಷ್ಟೇ



ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದರು. ಲಕ್ಕಮ್ಮನವರು ಆ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಹೇಳಿದರು. ಈ ಪ್ರಸಂಗವನ್ನು ನಾವೆಲ್ಲರೂ ಆಸೆಯ ಕುರಿತಾದ ಪಾಠವೆಂದು ಕೇಳಿದ್ದೇವೆ. ಅದು ನನ್ನ ಬೆನ್ನಿಗೂ ಅನ್ವಯಿಸೀತೆಂದು ನಾನು ಎಣಿಸಿರಲಿಲ್ಲ.

ಶಿರೂರಿನ ನಮ್ಮ ಮನೆಯಲ್ಲಿ ಇಳಕಲ್ ಸೀರೆ ನೇಯುವುದು ಕಾಯಕ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು, ಮುಂದಕ್ಕೆ ಬಾಗಿ, ಮೂವತ್ತು ವರ್ಷ ಲಾಳಿ ಎಸೆದಿದ್ದೇನೆ. ನಿಂತಾಗಿನದಕ್ಕಿಂತ ಬಾಗಿ ಕುಳಿತಾಗ ಸೊಂಟದ ಡಿಸ್ಕಿನ ಮೇಲೆ ಒತ್ತಡ ಹೆಚ್ಚೆಂಬುದನ್ನು ಸ್ವೀಡನ್ನಿನ ನಾಕೆಮ್ಸನ್ ಎಂಬ ವೈದ್ಯರು 1960ರ ದಶಕದಲ್ಲಿಯೇ ಅಳೆದು ತೋರಿಸಿದ್ದರು. ನನಗೆ ಅದು ತಿಳಿದದ್ದು ಎಡಗಾಲಿಗೆ ನೋವು ಇಳಿದ ಮೇಲೆ. 2021ರಲ್ಲಿ ಸೊಂಟದ ನಾಲ್ಕನೆಯ ಮತ್ತು ಐದನೆಯ ಮಣಿಗಳ ನಡುವೆ ಹೊರಚಾಚಿದ್ದ ಡಿಸ್ಕಿನ ಭಾಗವನ್ನು ತೆಗೆದರು. ಮೂರು ವರ್ಷ ಸುಖವಾಗಿದ್ದೆ. 2024ರ ಮಳೆಗಾಲದಲ್ಲಿ ನೋವು ಮರಳಿತು.

ಒಬ್ಬ ವೈದ್ಯರು, ಎರಡು ಮಣಿಗಳನ್ನು ತಿರುಪುಮೊಳೆಗಳಿಂದ ಬೆಸೆಯುವ ಶಸ್ತ್ರಚಿಕಿತ್ಸೆಯೇ ದಾರಿ ಎಂದರು. ಎಂ.ಆರ್.ಐ. ಚಿತ್ರದಲ್ಲಿ ಉಬ್ಬು ಸ್ಪಷ್ಟವಾಗಿತ್ತು. ನನ್ನ ಮನಸ್ಸು ಆಗಲೇ ಒಪ್ಪಿತ್ತು; ಹೊಲದ ಒಂದು ಭಾಗವನ್ನು ಒತ್ತೆಯಿಡುವ ಮಾತೂ ಆಗಿತ್ತು.

ಹುಬ್ಬಳ್ಳಿಯ ಇನ್ನೊಬ್ಬ ವೈದ್ಯರು ಚಿತ್ರವನ್ನು ಬದಿಗಿಟ್ಟು ನನ್ನ ಕಾಲನ್ನು ನೋಡಿದರು. ಹೆಬ್ಬೆರಳನ್ನು ಮೇಲೆತ್ತಿಸಿದರು, ಹಿಮ್ಮಡಿಯ ಮೇಲೆ ನಡೆಸಿದರು. ಬಲ ಕುಂದಿರಲಿಲ್ಲ. ನೋವೇ ಇಲ್ಲದವರ ಚಿತ್ರಗಳನ್ನು ಒಟ್ಟುಗೂಡಿಸಿದ 2015ರ ಒಂದು ಸಮೀಕ್ಷೆಯಲ್ಲಿ, ಐವತ್ತರ ವಯಸ್ಸಿನವರ ಪೈಕಿ ಶೇ. 60ರಷ್ಟು ಮಂದಿಗೆ ಡಿಸ್ಕ್ ಉಬ್ಬಿತ್ತೆಂದು ಅವರು ತಿಳಿಸಿದರು. ಉಬ್ಬು ಕಂಡಿತೆಂದ ಮಾತ್ರಕ್ಕೆ ಅದೇ ನೋವಿನ ಮೂಲವೆನ್ನಲಾಗದು. ಬಣ್ಣದ ಔಷಧಿ ಚುಚ್ಚಿ ಮತ್ತೆ ಚಿತ್ರ ತೆಗೆಸಿದಾಗ, ನರದ ಸುತ್ತ ಹೆಚ್ಚಾಗಿ ಕಂಡದ್ದು ಹಿಂದಿನ ಗಾಯದ ಕಲೆಯ ಅಂಗಾಂಶ. ಹೊಸ ಉಬ್ಬು ಚಿಕ್ಕದು. ಕಲೆಯನ್ನು ಕೊಯ್ದು ತೆಗೆದರೆ ಮತ್ತೆ ಕಲೆಯೇ ಬೆಳೆಯುತ್ತದೆ. ಮಣಿಗಳನ್ನು ಬೆಸೆದರೆ ಅವುಗಳ ಭಾರವನ್ನು ನೆರೆಯ ಮಣಿಗಳು ಹೊರಬೇಕಾಗುತ್ತದೆ.

ಇಷ್ಟು ಕೇಳಿಯೂ ನನ್ನ ಹಟ ಬಿಡಲಿಲ್ಲ. ಆಗ ಮನೆಯಾಕೆ ಕೇಳಿದಳು: "ನಿಮಗ ಬ್ಯಾನಿ ಹೋಗಬೇಕೋ, ಮತ್ತ ಮಗ್ಗದಾಗ ಕೂಡಬೇಕೋ? ಎರಡೂ ಒಂದ ಅಲ್ಲ ನೋಡ್ರಿ."

ನಾನು ಉತ್ತರಿಸಲಾರದೆ ಹೋದೆ. ಕಾಲಿನ ನೋವು ಸಹಿಸುವಷ್ಟೇ ಇತ್ತು. ಸಹಿಸಲಾಗದಿದ್ದುದು ಮಗ ನೇಯುವಾಗ ನಾನು ಕಟ್ಟೆಯ ಮೇಲೆ ಕುಳಿತು ನೋಡುವುದು. ಕಾಯಕವೆಂದು ನಾನು ಕರೆಯುತ್ತಿದ್ದುದರಲ್ಲಿ, ನಾನೇ ನೇಯಬೇಕೆಂಬ ಅಹಂಕಾರ ಎಷ್ಟು ಬೆರೆತಿತ್ತೋ! ವೈದ್ಯರನ್ನು ನೇರವಾಗಿ ಕೇಳಿದೆ: ಬೆಸೆದ ಮೇಲೆ ಕುಣಿಮಗ್ಗದಲ್ಲಿ ಕೂಡಬಹುದೇ? ಆ ಭರವಸೆಯನ್ನು ಕೊಡಲಾರೆ ಎಂದರು. ಹಾಗಾದರೆ ನಾನು ಹೊಲ ಒತ್ತೆಯಿಟ್ಟು ತರಹೊರಟಿದ್ದುದು ಬೇಕಾದುದಕ್ಕಿಂತ ಹೆಚ್ಚಿನ ಅಕ್ಕಿಯೇ ಅಲ್ಲವೇ?

ಸದ್ಯಕ್ಕೆ ಶಸ್ತ್ರಚಿಕಿತ್ಸೆ ಬೇಡವೆಂದು ನಿರ್ಧರಿಸಿದ್ದೇನೆ. ಇದನ್ನು ಯಾರೂ ವೈದ್ಯಕೀಯದ ತಿರಸ್ಕಾರವೆಂದು ತಿಳಿಯಬಾರದು. ಮೊದಲ ಶಸ್ತ್ರಚಿಕಿತ್ಸೆ ನನಗೆ ಮೂರು ಒಳ್ಳೆಯ ವರ್ಷಗಳನ್ನು ಕೊಟ್ಟಿತು. ಪಾದದ ಬಲ ಕುಗ್ಗುತ್ತ ಹೋದರೆ, ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಗಳ ಸಂದಿಯಲ್ಲಿ ಸ್ಪರ್ಶ ತಿಳಿಯದಂತಾದರೆ ಒಂದು ದಿನವೂ ತಡೆಯದೆ ಆಸ್ಪತ್ರೆಗೆ ಹೋಗಬೇಕು. ಆ ಲಕ್ಷಣಗಳನ್ನು ಬರೆದು ದೇವರ ಮಾಡದ ಬಳಿ ಅಂಟಿಸಿದ್ದೇವೆ. ಅಂಥ ಹೊತ್ತಿನಲ್ಲಿ ತಡಮಾಡುವುದು ಭಕ್ತಿಯಲ್ಲ, ಅಜ್ಞಾನ.

ಈಗ ವ್ಯಾಯಾಮ, ನಡಿಗೆ ನಡೆದಿವೆ. ನೋವು ಪೂರ್ಣ ಹೋಗಿಲ್ಲ. ಕೆಲವು ರಾತ್ರಿ ನಿದ್ರೆಯಿಲ್ಲ. ಎತ್ತರದ ಮಣೆಯ ಮುಂದೆ ನಿಂತು ಕಂಡಿಕೆ ಸುತ್ತುತ್ತೇನೆ, ಮಗ ನೇಯುತ್ತಾನೆ. ಪ್ರತಿದಿನ ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿದ ಬಳಿಕ ಗೋಡೆ ಹಿಡಿದು ಎಡಗಾಲಿನ ಹೆಬ್ಬೆರಳನ್ನು ಮೇಲೆತ್ತಿ ನೋಡುತ್ತೇನೆ. ಇಂದೂ ಎದ್ದಿತು.